ಚೀಲದೊಳಗಿನ ಹಕ್ಕಿಯ ನಂಬರು

ಇಂಥ ಮಾತು ಯಾರಾದರೂ ಹೇಳಿದರೆ, ರಾತ್ರಿ ನಿದ್ದೆ ಸಾಲದೆ ಹಾಗಾಗಿರಬೇಕು ಎಂದು ತಳ್ಳಿಹಾಕುತ್ತಿದ್ದವನು ನಾನು. ಮೂವತ್ತು ವರ್ಷ ಅಂಗರಚನಾಶಾಸ್ತ್ರ ಕಲಿಸಿದ್ದೇನೆ. ಕಂಡದ್ದನ್ನು ಮಾತ್ರ ಬರೆಯಿರಿ ಎಂದು ವಿದ್ಯಾರ್ಥಿಗಳನ್ನು ಗದರಿಸಿದ್ದೇನೆ. ಆದರೂ ಆ ಬೆಳಿಗ್ಗೆ ಕಾಣದ್ದನ್ನು ಬರೆದೆ.

ಕಡಲಾಚೆಯ ಈ ನಾಡಿನ ಪಟ್ಟಣ ನಿಲಾಯ್‌ನ ಹೊರಗೆ ಒಂದು ಹಳೆಯ ಡುರಿಯನ್ ಹಣ್ಣಿನ ತೋಟದ ಅಂಚಿನಲ್ಲಿ ನಾವು ನಾಲ್ವರು ಭಾನುವಾರ ಹಕ್ಕಿಗಳ ಪ್ರಯಾಣ ತಿಳಿಯಲು ಅವುಗಳ ಕಾಲಿಗೆ ನಂಬರಿನ ಉಂಗುರ ತೊಡಿಸುತ್ತೇವೆ. ಇಲ್ಲಿ ಚಳಿಗಾಲವಿಲ್ಲ, ಚಳಿಗಾಲ ತಪ್ಪಿಸಿಕೊಂಡು ಸೈಬೀರಿಯಾದಿಂದ ಬರುವ ಹಕ್ಕಿಗಳಿವೆ. ಅವಕ್ಕೆ ಹುಳು ಇಡುವ ಒಂದು ಹಲಗೆ, ಅದರ ಸುತ್ತ ಕೂದಲೆಳೆಯಷ್ಟು ತೆಳು ಬಲೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬಲೆ ನೋಡಬೇಕು, ಸಿಕ್ಕ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿ ತರಬೇಕು. ಉಂಗುರದ ನಂಬರನ್ನು ಒಬ್ಬರು ಓದಿದರೆ ಇನ್ನೊಬ್ಬರು ತಿರುಗಿ ಹೇಳಬೇಕು. ಆಮೇಲೆಯೇ ಬರೆಯುವುದು.

ಉಂಗುರ ಹಾಕುವವರು ಸುಮತಿ ಟೀಚರ್. ಉಡುಪಿಯವರು, ಪೆಟಾಲಿಂಗ್ ಜಯಾದಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಅಂಗೈಗೆ ಬಂದೊಡನೆ ಹಕ್ಕಿ ಒದ್ದಾಟ ನಿಲ್ಲಿಸುತ್ತದೆ. ಅಷ್ಟು ಹಗುರವಾದ ಕೈಯನ್ನು ನಾನು ಸರ್ಜನ್ನರಲ್ಲೂ ಕಂಡಿಲ್ಲ. ಆದರೆ ಆ ವರ್ಷ ಅವರ ಕಣ್ಣು ಮಂಜಾಗತೊಡಗಿತ್ತು. ಮೂರನ್ನು ಎಂಟು ಎಂದು ಓದುತ್ತಿದ್ದರು. ತಪ್ಪು ನಂಬರು ಬರೆದರೆ ಹಕ್ಕಿಯ ಇಡೀ ಪ್ರಯಾಣವೇ ಸುಳ್ಳಾಗುತ್ತದೆ. ಇನ್ನು ಸಾಕು ಎಂದು ಅವರಿಗೆ ಹೇಳುವ ಕೆಲಸವನ್ನು ಉಳಿದಿಬ್ಬರು ನನಗೆ ಒಪ್ಪಿಸಿ, ಆ ಭಾನುವಾರ ಬರದೇ ಉಳಿದರು.

ಏಳೂವರೆಗೆ ಬಲೆಯಲ್ಲಿ ಒಂದು ನೀಲಿ ರಾಬಿನ್. ಕಾಲಲ್ಲಿ ಹಳೆಯ ಉಂಗುರವಿತ್ತು. ಕನ್ನಡಕದ ಮೇಲೆ ಹಬೆ ಕೂತು ನಂಬರು ಓದಲಾಗಲಿಲ್ಲ. ಚೀಲದಲ್ಲಿಟ್ಟು, ದಾರ ಎಳೆದು, ಮೇಜಿಗೆ ತಂದೆ. ಟೀಚರ್ ನನಗೆ ಬೆನ್ನು ಹಾಕಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು.

“ನಾಲ್ಕು, ಒಂದು, ಏಳು, ಏಳು, ಮೂರು,” ಎಂದರು.

ನಾನು ಪೆನ್ನು ಹಿಡಿದು, ಇನ್ನೂ ಬಿಚ್ಚದ ಚೀಲದ ದಾರವನ್ನು ನೋಡಿದೆ.

“ಬರೀರಿ ಲಾ, ಡಾಕ್ಟ್ರೇ! ಪೆನ್ನಿಗೂ ಪರ್ಮಿಟ್ ಬೇಕಾ ಮಾರಾಯ್ರೆ?”

ಕೈ ಬರೆದುಬಿಟ್ಟಿತು. ಬಳಿಕ ಅವರು ಚೀಲ ಬಿಚ್ಚಿ ಹಕ್ಕಿಯನ್ನು ಹಿಡಿದರು. ಕನ್ನಡಕ ಒರೆಸಿಕೊಂಡು, ಭೂತಗನ್ನಡಿ ಹಿಡಿದು ನೋಡಿದೆ. ಅದೇ ನಂಬರು. ಇನ್ನೊಮ್ಮೆ ನೋಡಿದೆ. ಹಳೆಯ ಪುಸ್ತಕ ತೆರೆದರೆ, ನಾಲ್ಕು ವರ್ಷದ ಹಿಂದೆ ಟೀಚರೇ ತೊಡಿಸಿದ ಉಂಗುರ. ನಡುವೆ ಆ ಹಕ್ಕಿ ಒಮ್ಮೆಯೂ ಸಿಕ್ಕಿರಲಿಲ್ಲ. ನೆನಪಿನಿಂದ ಹೇಳಿದರು ಎನ್ನೋಣವೆಂದರೆ, ನೂರಾರು ಹಕ್ಕಿಗಳಲ್ಲಿ ಚೀಲದೊಳಗಿರುವುದು ಅದೇ ಎಂದು ತಿಳಿದದ್ದು ಹೇಗೆ?

ಇನ್ನು ಸಾಕು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಇನ್ನು ಮೇಲೆ ಹಕ್ಕಿ ಹಿಡಿಯುವ ಕೈ ನಿಮ್ಮದು, ನಂಬರು ಓದುವ ಕಣ್ಣು ನನ್ನದು ಎಂದೆ.

“ಕಣ್ಣು ಕಾಣ್ಸುದಿಲ್ಲ ಅಂತ ನೇರ ಹೇಳಿದ್ರೆ ಆಗ್ತಿತ್ತಪ್ಪ,” ಎಂದು ನಕ್ಕರು. ಇಂದಿಗೂ ಹಾಗೆಯೇ ನಡೆದಿದೆ.

ಬಲೆ ಸುತ್ತುವಾಗ, ನಂಬರು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

“ನನಗೆಂಥ ಗೊತ್ತು? ಬಲೆ ಹತ್ರದಿಂದ ಯಾರೋ ಕೂಗಿದ್ದು ಕೇಳಿಸ್ತು. ನೀವೇ ಅಂತ ತಿರುಗಿ ಹೇಳಿದೆ, ಅಷ್ಟೇ.”

ನಾನು ಬಾಯಿ ತೆರೆದಿರಲಿಲ್ಲ. ಬಲೆಯ ಹತ್ತಿರ ಬೇರೆ ಯಾರೂ ಇರಲಿಲ್ಲ.