ಆಟೋದಲ್ಲಿ ಕೂತು ಆರಿಸಿದ ಆಟಗಳು

ಕಳೆದ ಬೇಸಿಗೆ ರಜೆ ಶುರುವಾದ ವಾರವೇ ಅಕ್ಕ ತೋಟದ ದಾರಿಯಲ್ಲಿ ಮೊಪೆಡ್‌ನಿಂದ ಬಿದ್ದು ಬಲಗಾಲಿನ ಮೂಳೆ ಮುರಿದುಕೊಂಡಳು. ಗುಬ್ಬಿಯ ಹತ್ತಿರ ಅವಳದೂ ಭಾವನದೂ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ತುಮಕೂರಿನ ಆಸ್ಪತ್ರೆಯಲ್ಲಿ ಮಂಡಿಯವರೆಗೂ ಪ್ಲಾಸ್ಟರ್ ಹಾಕಿ, ಆರು ವಾರ ಆ ಕಾಲನ್ನು ನೆಲಕ್ಕೆ ಊರಲೇಬಾರದು ಎಂದರು. ನಮ್ಮ ಮನೆ ಆಸ್ಪತ್ರೆಗೆ ಹತ್ತಿರ, ಮೆಟ್ಟಿಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನನಗೂ ರಜೆ. ಭಾವ ಅವಳನ್ನು ನಮ್ಮಲ್ಲಿ ಬಿಟ್ಟು, ಹಸು ನೋಡಿಕೊಳ್ಳಬೇಕು ಎಂದು ಅವತ್ತೇ ಹೊರಟರು.

ಅಕ್ಕ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಊಟವನ್ನೂ ನಿಂತೇ ಮಾಡುವವಳು. ಅಂಥವಳು ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ದಿನವಿಡೀ ಕೂರಬೇಕಾಯಿತು. ಮೊದಲ ವಾರದಲ್ಲಿ ನನ್ನ ಅಡುಗೆ ಡಬ್ಬಗಳನ್ನೆಲ್ಲ ತರಿಸಿಕೊಂಡು ಒರೆಸಿದಳು. ಎರಡನೇ ವಾರ ಟೀವಿಯ ಧಾರಾವಾಹಿಗಳಲ್ಲಿ ಬರುವ ಸೊಸೆಯರನ್ನೆಲ್ಲ ಬೈದಳು. ಊರ್ಡಿಗೆರೆಯ ಪಂಚಾಯ್ತಿ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಗಂಡ ಬೆಳಿಗ್ಗೆ ಹೋಗುವಾಗ, "ಇವತ್ತು ಯಾರ ಸರದಿ ಅತ್ತಿಗೆ, ಬೈಸಿಕೊಳ್ಳೋದು?" ಎಂದು ಕೇಳಿಯೇ ಹೊರಡುತ್ತಿದ್ದರು.

ಈ ಗೋಳನ್ನು ನಮ್ಮ ಶಾಲೆಯ ವಿಜ್ಞಾನದ ಟೀಚರ್ ಹತ್ತಿರ ಫೋನಿನಲ್ಲಿ ಹೇಳಿಕೊಂಡೆ. ಅವರ ಮಕ್ಕಳು ಆಡಿ ಬಿಟ್ಟ ವಿಡಿಯೋ ಗೇಮ್ ಪೆಟ್ಟಿಗೆಯೊಂದು ಶೋಕೇಸಿನಲ್ಲಿ ಧೂಳು ತಿನ್ನುತ್ತಿತ್ತಂತೆ. "ಮಕ್ಕಳು ಈಗ ಮೊಬೈಲಿಗೆ ಬಿದ್ದಿದ್ದಾರೆ. ತಗೊಂಡು ಹೋಗಿ, ನನಗೂ ಜಾಗ ಖಾಲಿಯಾಗುತ್ತೆ," ಎಂದರು. ಕಪ್ಪು ಪೆಟ್ಟಿಗೆ, ಎರಡು ಕಂಟ್ರೋಲರ್, ಒಂದು ಕಟ್ಟು ವೈರು. ಆಟದ ಡಿಸ್ಕುಗಳು ಮಾತ್ರ ಒಂದೂ ಇರಲಿಲ್ಲ. ಎಲ್ಲವನ್ನೂ ಅವರ ಮಕ್ಕಳು ಯಾರು ಯಾರಿಗೋ ಕೊಟ್ಟಿದ್ದರು.

ಟೀವಿಯ ಮುಂದೆ ನಾನು ವೈರು ಬಿಡಿಸುತ್ತಿದ್ದರೆ ಅಕ್ಕ ಮುಂದಕ್ಕೆ ಬಾಗಿ ನೋಡಿದಳು.

"ಏನೇ ಇದು? ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ರ ಇತ್ತಲ್ಲ, ಅದೇನಾ?"

"ಅದೇ ಜಾತಿ ಕಣಕ್ಕ."

"ಅಯ್ಯೋ ಶಿವನೇ," ಎಂದಳು. ಮುಖ ಅರಳಿತು.

ನಾವು ಹುತ್ರಿದುರ್ಗ ಬೆಟ್ಟದ ತಪ್ಪಲಿನವರು. ಹೈಸ್ಕೂಲಿಗೆ ಬಸ್ಸಿನಲ್ಲಿ ಕುಣಿಗಲ್‌ಗೆ ಬರುತ್ತಿದ್ದೆವು. ಅಕ್ಕ ಹತ್ತನೇ ಕ್ಲಾಸು, ನಾನು ಎಂಟು. ಬಸ್ ಸ್ಟ್ಯಾಂಡಿನ ಪಕ್ಕದ ಗಲ್ಲಿಯಲ್ಲಿ ಪರದೆ ಹಾಕಿದ ಒಂದು ಅಂಗಡಿಯಿತ್ತು. ಒಳಗೆ ಬೀರುವಿನಷ್ಟು ಎತ್ತರದ ವಿಡಿಯೋ ಗೇಮ್ ಮೆಷಿನ್ನುಗಳು. ಕಾಸು ಹಾಕಿದರೆ ಆಟ. ಪರದೆಯ ಆಚೆಯಿಂದ ಕುಂಯ್ ಕುಂಯ್ ಎಂಬ ಸದ್ದು, ಹುಡುಗರ ಕೂಗು. ಒಂದು ಮಧ್ಯಾಹ್ನ ಅಕ್ಕ ನನ್ನ ಕೈ ಹಿಡಿದುಕೊಂಡು ಪರದೆ ಸರಿಸಿ ನೇರ ಒಳಗೆ ನಡೆದಳು. ಆಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿಯವನು, "ಹೆಣ್ಮಕ್ಳಿಗೆ ಇಲ್ಲಿ ಏನಮ್ಮ ಕೆಲ್ಸ? ನಡೀರಿ ಮನೇಗೆ," ಎಂದ. ಅಕ್ಕ ಕೈಲಿದ್ದ ಕಾಸು ತೋರಿಸಿದಳು. ಅವನು ಪರದೆ ಎತ್ತಿ ಹಿಡಿದು ನಿಂತ. ನಾವು ಹೊರಬಂದೆವು. ಆ ಮಧ್ಯಾಹ್ನದ ಬಗ್ಗೆ ಆಮೇಲೆ ಒಮ್ಮೆಯೂ ಮಾತಾಡಿರಲಿಲ್ಲ.

"ಸೀಡಿ ಎಲ್ಲಿ ಸಿಗ್ತವೆ?" ಎಂದು ಕೇಳಿದಳು ಅಕ್ಕ. "ನಾಳೆ ಹೋಗಾನ. ನಾನೂ ಬತ್ತೀನಿ. ನೀನೊಬ್ಳೇ ಹೋದ್ರೆ ಲೆಕ್ಕದ ಆಟ ತತ್ತೀಯ."

ಮಾರನೇ ದಿನ ಅವಳನ್ನು ಊರುಗೋಲಿನ ಸಮೇತ ಆಟೋದಲ್ಲಿ ಅಡ್ಡಡ್ಡ ಕೂರಿಸಿ, ಪ್ಲಾಸ್ಟರಿನ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಡಿಸ್ಕು ಮಾರುವ ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲು ನೋಡಿ ಅಕ್ಕನ ಮುಖ ಬಾಡಿತು. ನಾನು ಮೇಲೆ ಹೋಗಿ ಅಂಗಡಿಯ ಮಾಲೀಕರಿಗೆ ವಿಷಯ ಹೇಳಿದೆ. ಬೋಳುತಲೆಯ, ಕನ್ನಡಕವನ್ನು ಹಣೆಗೇರಿಸಿದ್ದ ಆತ ಒಂದು ಕ್ಷಣ ಯೋಚಿಸಿ, ರಟ್ಟಿನ ಡಬ್ಬವೊಂದಕ್ಕೆ ನಲವತ್ತು ಐವತ್ತು ಹಳೆ ಡಿಸ್ಕು ತುಂಬಿಕೊಂಡು ನನ್ನ ಹಿಂದೆಯೇ ಇಳಿದು ಬಂದರು. ಡಬ್ಬವನ್ನು ಆಟೋದ ಸೀಟಿನ ಮೇಲಿಟ್ಟು ಕೇಳಿದರು:

"ಮಗೂಗೆ ಎಷ್ಟು ವಯಸ್ಸು ಮೇಡಂ?"

"ನಲವತ್ತೇಳು," ಎಂದಳು ಅಕ್ಕ.

ಆತ ಅವಳ ಪ್ಲಾಸ್ಟರ್ ನೋಡಿದರು, ನನ್ನನ್ನು ನೋಡಿದರು. ಕನ್ನಡಕ ಇಳಿಸಿಕೊಂಡು, "ಹಂಗಾದ್ರೆ ಯಾವುದು ಬೇಕಾದ್ರೂ ತಗೋಬೋದು," ಎಂದರು. ಆಟೋ ಡ್ರೈವರ್ ಜೋರಾಗಿ ನಕ್ಕ. ಅವನೂ ಹಿಂದಕ್ಕೆ ತಿರುಗಿ ಕೂತ.

ಗನ್ನು ಹಿಡಿದವರ ಚಿತ್ರವಿದ್ದ ಡಿಸ್ಕುಗಳನ್ನೆಲ್ಲ ಅಕ್ಕ ಕೂತಲ್ಲೇ ಪಕ್ಕಕ್ಕೆ ಎಸೆದಳು. ಫುಟ್‌ಬಾಲ್ ಬೇಡ, ದೆವ್ವದ್ದು ಬೇಡ. ಕಾರಿನ ಆಟ ತೆಗೆದರೆ, "ಗಾಡಿ ಸವಾಸ ಸಾಕಾಗಿದೆ ಬುಡಿ," ಎಂದು ಕಾಲು ತೋರಿಸಿದಳು. ಅಕ್ಕ ತೋಟದವಳು ಎಂದು ತಿಳಿದ ಮಾಲೀಕರು ಬೇಸಾಯದ ಆಟವೊಂದನ್ನು ಕೈಗಿತ್ತರು. ಡ್ರೈವರ್ ಮಾತ್ರ, "ಅಕ್ಕೋ, ಫೈಟಿಂಗ್ ತಗೊಳ್ಳಿ. ಮನ್ಸು ಹಗುರಾಗ್ತದೆ," ಎಂದು ಒತ್ತಾಯ ಮಾಡಿದ. ಎರಡನ್ನೂ ತೆಗೆದುಕೊಂಡೆವು. ಹಿಡಿಸದಿದ್ದರೆ ವಾರದೊಳಗೆ ಬದಲಾಯಿಸಿ ಕೊಡುತ್ತೇನೆ ಎಂದು ಮಾಲೀಕರು ಹೇಳಿದರು.

ಬೇಸಾಯದ ಆಟ ಒಂದೇ ದಿನ ಬಾಳಿತು. ಬಿತ್ತಿ ನಾಲ್ಕು ನಿಮಿಷಕ್ಕೆ ಪೈರು ತೆನೆಗೆ ಬಂದಿದ್ದನ್ನು ನೋಡಿ ಅಕ್ಕನಿಗೆ ಸಿಟ್ಟೇ ಬಂತು. "ಕಳೆ ಎಲ್ಲಿ? ಹಂದಿ ಎಲ್ಲಿ? ಕೂಲಿಯೋರು ಒಂದಿನಾನೂ ರಜ ಹಾಕಲ್ವಾ?" ತೆಂಗಿನ ಮರ ಹುಡುಕಿ ಹುಡುಕಿ, ಇಲ್ಲವೆಂದು ಗೊತ್ತಾದ ಮೇಲೆ ಕಂಟ್ರೋಲರ್ ಕೆಳಗಿಟ್ಟಳು. "ಜೀವನಪೂರ್ತಿ ಮಾಡಿದ್ದನ್ನೇ ಕಾಲು ಮುರ್ಕೊಂಡೂ ಮಾಡ್ಲಾ? ವಾಪಸ್ ಕೊಟ್ಬುಡು."

ಫೈಟಿಂಗ್ ಆಟದಲ್ಲಿ ಬೇರೆಯೇ ಆಯಿತು. ಶಾಲೆಯಲ್ಲಿ ಇಷ್ಟು ವರ್ಷದಲ್ಲಿ ನಾನು ಒಂದು ಮಗುವಿಗೂ ಗದರಿದವಳಲ್ಲ. ಆದರೆ ಟೀವಿಯಲ್ಲಿ ಗಂಟೆ ಬಾರಿಸಿದ ಕೂಡಲೇ ನನ್ನ ಹೆಬ್ಬೆರಳುಗಳಿಗೆ ಏನಾಗುತ್ತಿತ್ತೋ! ಕೆಂಪು ಪಟ್ಟಿ ಕಟ್ಟಿದ ಹೆಂಗಸೊಬ್ಬಳನ್ನು ಆರಿಸಿಕೊಂಡು ಅಕ್ಕನ ದಡೂತಿ ಪೈಲ್ವಾನನನ್ನು ಆರು ಸಲ ನೆಲಕ್ಕೆ ಕೆಡವಿದೆ. ಆರನೇ ಸಲ ನಾನು ಸೋಫಾದಿಂದ ಎದ್ದು ನಿಂತು ಕೂಗಿದ್ದೆನಂತೆ. ಅಕ್ಕ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ಇಷ್ಟೊಂದು ಕೋಪ ಎಲ್ಲಿಟ್ಕೊಂಡಿದ್ಯೇ?"

"ನಂಗೂ ಗೊತ್ತಿಲ್ಲ ಕಣಕ್ಕ," ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಸಂಜೆ ಗಂಡ ಬಂದಾಗ ಅನ್ನಕ್ಕೆ ಇಟ್ಟಿರಲೇ ಇಲ್ಲ.

ವಾರದ ಕೊನೆಗೆ ಬೇಸಾಯದ ಡಿಸ್ಕ್ ಹಿಡಿದು ಮತ್ತೆ ಅದೇ ಆಟೋದಲ್ಲಿ ಹೋದೆವು. ಈ ಸಲ ಡಬ್ಬದ ತಳದಿಂದ ಅಕ್ಕನೇ ಒಂದನ್ನು ಎತ್ತಿದಳು. ಹೊದಿಕೆಯ ಮೇಲೆ ಕಲ್ಲುಬೆಟ್ಟ, ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡ ಇಬ್ಬರು.

"ಅದು ಒಬ್ಬರೇ ಆಡೋಕಾಗಲ್ಲ ಮೇಡಂ, ಇಬ್ಬರು ಬೇಕೇಬೇಕು," ಎಂದರು ಮಾಲೀಕರು. "ಅದಕ್ಕೇ ಯಾರೂ ಮುಟ್ಟಲ್ಲ."

"ನಾವು ಇಬ್ಬರಿದೀವಲ್ಲ," ಎಂದಳು ಅಕ್ಕ.

ಈ ಆಟದಲ್ಲಿ ಒಬ್ಬರು ಮೇಲೆ ಹತ್ತಿ ಹಗ್ಗ ಬಿಗಿ ಹಿಡಿದರೆ ಇನ್ನೊಬ್ಬರು ಹತ್ತಬೇಕು. ಒಬ್ಬರು ಜಾರಿದರೆ ಇಬ್ಬರೂ ಕೆಳಗೆ, ಮತ್ತೆ ಮೊದಲಿನಿಂದ. ಅಕ್ಕ ಪ್ರತಿ ಸಲವೂ ತಾನೇ ಮುಂದೆ ಹೊರಡುವಳು. ನಾನು ಕೈ ಊರುವ ಮೊದಲೇ ಜಿಗಿಯುವಳು. ಎರಡು ದಿನ ಬಿದ್ದೆವು, ಬಿದ್ದೆವು, ಬರೀ ಬಿದ್ದೆವು. ಮೂರನೇ ದಿನ ಮಧ್ಯಾಹ್ನ, ಅರ್ಧ ಬೆಟ್ಟದಿಂದ ಉರುಳಿದಾಗ ನನಗೆ ತಡೆಯಲಾಗಲಿಲ್ಲ.

"ಯಾವಾಗ್ಲೂ ನೀನೇ ಯಾಕೆ ಮುಂದೆ? ಚಿಕ್ಕಂದಿನಿಂದ್ಲೂ ಹಿಂಗೇ. ದುರ್ಗ ಹತ್ತುವಾಗ್ಲೂ ಒಂದಿನ ನನ್ನ ಮುಂದೆ ಬಿಟ್ಟಿದ್ಯಾ?"

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅಕ್ಕನಿಗೆ ನಾನು ಹಾಗೆ ಎದುರಾಡಿದ್ದೇ ಇಲ್ಲ. ಅವಳು ಕಂಟ್ರೋಲರ್ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ಹೊರಡುವಾಗ ಅಮ್ಮ ಏನಂತಿದ್ಲು ಗೊತ್ತಾ? ಅವ್ಳು ಬಿದ್ರೆ ನಿಂಗೆ ಬೀಳ್ತವೆ ಅಂತ. ಕಲ್ಲು ಗಟ್ಟಿ ಅದೆಯೋ ಇಲ್ವೋ ಅಂತ ನಾನು ಮೊದ್ಲು ಕಾಲಿಟ್ಟು ನೋಡ್ತಿದ್ದೆ. ನಂಗೇನು ಮುಂದೆ ಹೋಗೋ ಚಪಲವೇ? ಹೆದ್ರಿಕೆ ಕಣೇ."

ನಾನು ಅಂದುಕೊಂಡಿದ್ದೇ ಬೇರೆ. ಅಕ್ಕನಿಗೆ ಹೆದರಿಕೆ ಎಂಬುದೊಂದು ಇರಬಹುದೆಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

"ಸರಿ, ನೀನೇ ಮುಂದೆ ನಡಿ," ಎಂದಳು. "ನಾನು ಹಗ್ಗ ಹಿಡ್ಕೋತೀನಿ."

ನಾನು ಮುಂದೆ ಹೋದೆ. ಮೊದಲ ಎರಡು ಸಲ ನಾನೂ ಬಿದ್ದೆ. ಅವಳು ಬೈಯಲಿಲ್ಲ, ಅದೇ ದೊಡ್ಡ ಸಂಗತಿ. ಆಮೇಲೆ ಇಬ್ಬರಿಗೂ ಒಂದು ಹದ ಸಿಕ್ಕಿತು. "ಹಿಡ್ದೆ," "ಬಾ," "ಹಿಡ್ದೆ," "ಬಾ." ಸಂಜೆ ಕಾಫಿಯ ಹೊತ್ತಿಗೆ ತುದಿ ಮುಟ್ಟಿದೆವು. ಟೀವಿಯ ತುಂಬ ಮೋಡ, ಬಿಳಿ ಹಕ್ಕಿಗಳು, ಕೆಳಗೆ ಪುಟ್ಟದಾಗಿ ಕಾಣುವ ಊರು. ಅಕ್ಕ ಊರುಗೋಲಿನಿಂದ ನೆಲ ಕುಟ್ಟಿ ಕೇಕೆ ಹಾಕಿದಳು. ಮತ್ತೆ ಬಿದ್ದಳೇನೋ ಎಂದು ಪಕ್ಕದ ಮನೆಯ ಆಂಟಿ ಓಡಿ ಬಂದರು. ಏನಾಯಿತೆಂದು ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಅವರ ಕೈಗೂ ಒಂದು ಕಂಟ್ರೋಲರ್ ಕೊಟ್ಟೆವು.

ಆರು ವಾರ ಮುಗಿದು ಪ್ಲಾಸ್ಟರ್ ಕತ್ತರಿಸಿದರು. ಕರೆದುಕೊಂಡು ಹೋಗಲು ಬಂದ ಭಾವನನ್ನು ಅಕ್ಕ ಮೊದಲು ಕೇಳಿದ್ದು, ತಮ್ಮ ಮನೆಯ ಟೀವಿಯಲ್ಲಿ ಈ ವೈರು ಹಾಕುವ ತೂತು ಇದೆಯೇ ಎಂದು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಬ್ಬಿಗೆ ಹೋದಳು. ನನಗೆ ಮನೆ ಬಿಕೋ ಎನ್ನಿಸಿತು.

ಶಾಲೆ ಶುರುವಾಗಿ ಹದಿನೈದು ದಿನವಾಗಿತ್ತು. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವಾಗ ಅಕ್ಕನ ಫೋನ್ ಬಂತು.

"ಭಾನುವಾರ ಬರ್ತಿದೀಯಲ್ಲ, ಬರುವಾಗ ನಾಲ್ಕು ಜನ ಆಡೋ ಸೀಡಿ ತತ್ತೀಯಾ? ಇನ್ನೆರಡು ರಿಮೋಟೂ ಬೇಕು. ತೋಟಕ್ಕೆ ಬರೋ ಹೆಂಗಸ್ರು ನಮಗೂ ಬೇಕು ಅಂತ ಕೂತವ್ರೆ. ಸರದಿಗೆ ಜಗಳ ಕಣೇ."

"ಎಂಥದ್ದು ಬೇಕಂತೆ?"

ಫೋನ್ ದೂರ ಹೋಯಿತು. ಆ ಕಡೆ ಹೆಂಗಸರೆಲ್ಲ ಒಟ್ಟಿಗೆ ಮಾತಾಡಿದರು. ಒಬ್ಬರಿಗೆ ಡ್ಯಾನ್ಸಿನದು, ಒಬ್ಬರಿಗೆ ಮೀನು ಹಿಡಿಯುವುದು, ಇನ್ನೊಬ್ಬರಿಗೆ ವಿಮಾನ.

"ವಿಮಾನ ಅಂತೆ," ಎಂದಳು ಅಕ್ಕ. "ನಾಲ್ಕು ಜನಾನೂ ಒಂದೇ ವಿಮಾನ ಓಡ್ಸೋದು ಇದ್ರೆ ನೋಡು."

ಹಾಗೊಂದು ಆಟ ಇತ್ತು. ಭಾನುವಾರ ಬೆಳಗಿನ ರೈಲಿಗೆ ಅದನ್ನೂ ಇನ್ನೆರಡು ಕಂಟ್ರೋಲರನ್ನೂ ಕೈಚೀಲದಲ್ಲಿಟ್ಟುಕೊಂಡು ಹತ್ತಿದೆ. ಗುಬ್ಬಿಯ ಮನೆಯ ನಡುಮನೆಯಲ್ಲಿ ಅಕ್ಕ, ನಾನು, ತೋಟದ ಇಬ್ಬರು ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿ ಸಾಲಾಗಿ ಕೂತೆವು. ಮೊದಲ ವಿಮಾನ ಮೇಲೇಳುವ ಮೊದಲೇ ಹುಲ್ಲಿಗೆ ನುಗ್ಗಿತು. ಎರಡನೆಯದು ಎದ್ದಿತು, ಒಂದು ರೆಕ್ಕೆ ಕೆಳಗಾಗಿ ವಾಲಿತು, ನಾಲ್ವರೂ ಚಾಪೆಯ ಮೇಲೆ ಅತ್ತ ಕಡೆಗೇ ವಾಲಿದೆವು. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಭಾವ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು, "ಎಡಕ್ಕೆ, ಎಡಕ್ಕೆ!" ಎಂದು ಕೂಗಿದರು.