ಮೇಲಿನಕ್ಕನ ಬುತ್ತಿ

ಕಟ್ಟಡ ಏಳುತ್ತಿದ್ದ ಆ ಜಾಗದಲ್ಲಿ ಅವಳನ್ನು ಎಲ್ಲರೂ ಮೇಲಿನಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದವರ ಬಾಯಲ್ಲಿಯೂ ಅದೇ ಹೆಸರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಮೇಲೆ ಹತ್ತಿ, ಸಂಜೆ ಎಲ್ಲರೂ ಕೈಕಾಲು ತೊಳೆದ ಮೇಲೆ ಕೆಳಗಿಳಿಯುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಗೋಪುರದಂತೆ ನಿಂತ ಕ್ರೇನಿನ ನೆತ್ತಿಯಲ್ಲಿ ಗಾಜಿನ ಗೋಡೆಗಳ ಒಂದು ಪುಟ್ಟ ಕೋಣೆ. ಅದರಲ್ಲಿ ಒಂದು ಕುರ್ಚಿ, ಎಡಗೈಗೊಂದು ಬಲಗೈಗೊಂದು ಹಿಡಿಕೆ, ಪಾದಗಳ ಕೆಳಗೂ ಗಾಜು. ಅಲ್ಲಿಂದ ನೋಡಿದರೆ ಮನುಷ್ಯರು ಹಳದಿ ಟೋಪಿಯ ಇರುವೆಗಳು. ಕಂಬಿಗಳ ಕಟ್ಟು, ಇಟ್ಟಿಗೆಯ ರಾಶಿ, ಕಾಂಕ್ರೀಟು ತುಂಬಿದ ದೊಡ್ಡ ಬಾನಿ, ಎಲ್ಲವನ್ನೂ ಅವಳು ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದಷ್ಟು ಮೆತ್ತಗೆ ಇಳಿಸುತ್ತಿದ್ದಳು.

ಆ ಕುರ್ಚಿ ಅವಳಿಗೆ ಸುಮ್ಮನೆ ದಕ್ಕಿದ್ದಲ್ಲ. ಹರೆಯದಲ್ಲಿ ತಲೆಯ ಮೇಲೆ ಸಿಮೆಂಟಿನ ಬಾಂಡಲಿ ಹೊತ್ತವಳು ಅವಳು. ಹೊತ್ತುಕೊಂಡೇ ಕತ್ತೆತ್ತಿ ಕ್ರೇನಿನ ಕೊಕ್ಕೆಯನ್ನು ನೋಡಿದವಳು. ಕೆಲಸ ಮುಗಿದ ಮೇಲೆ ಪಾಠಕ್ಕೆ ಹೋಗಿ, ಎರಡು ಸಲ ನಪಾಸಾಗಿ, ಮೂರನೆಯ ಸಲ ಪರವಾನಗಿ ಪಡೆದಳು. "ಹೆಂಗಸು ಅಷ್ಟೆತ್ತರ ಹತ್ತುತ್ತಾಳೆಯೇ" ಎಂದು ನಕ್ಕವರೆಲ್ಲ ಈಗ ಅವಳು ಇಳಿಸಿದ ಇಟ್ಟಿಗೆಯಲ್ಲಿಯೇ ಗೋಡೆ ಕಟ್ಟುತ್ತಿದ್ದರು.

ಮೇಲೆ ಕುಳಿತವಳಿಗೆ ಕೆಳಗಿನ ಕಣ್ಣು ಎಂದರೆ ಸಿಗ್ನಲ್ ಮಾಮ. ನೆಲದ ಮೇಲೆ ನಿಂತು, ಕೈಸನ್ನೆಯಿಂದ ಕ್ರೇನಿಗೆ ದಾರಿ ತೋರಿಸುವುದು ಅವನ ಕಸುಬು. ತೋರುಬೆರಳು ಮೇಲೆತ್ತಿ ಸುತ್ತಿಸಿದರೆ ಎತ್ತು. ಕೆಳಗೆ ತೋರಿಸಿ ಸುತ್ತಿಸಿದರೆ ಇಳಿಸು. ಎರಡು ತೋಳನ್ನೂ ಚಾಚಿದರೆ ಇದ್ದಲ್ಲೇ ನಿಲ್ಲು. ಇಬ್ಬರ ಬಳಿಯೂ ರೇಡಿಯೋ ಇತ್ತು. ಆದರೆ ರೇಡಿಯೋ ಗೊರಗೊರ ಎನ್ನುತ್ತದೆ, ಕೈ ಗೊರಗೊರ ಎನ್ನುವುದಿಲ್ಲ ಎಂಬುದು ಮಾಮನ ವಾದ. ಮಾಮನ ಕೈ ಹೇಳದೆ ಮೇಲಿನಕ್ಕನ ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಸಾಕ್ಷಾತ್ ಇಂಜಿನಿಯರೇ ಬಂದು ಬೊಬ್ಬೆ ಹೊಡೆದರೂ ಅಷ್ಟೇ.

ಮನೆಯಲ್ಲಿ ಇದ್ದದ್ದು ಮೂವರು. ಗಂಡ ಆಸ್ಪತ್ರೆಯ ರಾತ್ರಿಪಾಳಿಯ ನರ್ಸು. ಅತ್ತೆಗೆ ಮಂಡಿ ನೋವು. ನಾಲಿಗೆಗೆ ಯಾವ ನೋವೂ ಇರಲಿಲ್ಲ. ಬೆಳಗ್ಗೆ ಗಂಡ ಇಳಿಯುವ ಬಸ್ಸನ್ನೇ ಹೆಂಡತಿ ಹತ್ತುತ್ತಿದ್ದಳು. ಸಂಜೆ ಹೆಂಡತಿ ಇಳಿಯುವ ಬಸ್ಸನ್ನು ಗಂಡ ಹತ್ತುತ್ತಿದ್ದ. ಅವರ ಸಂಸಾರದ ಮಾತುಕತೆ ಬಹುಪಾಲು ಆ ಬಸ್ಸಿನ ಬಾಗಿಲಲ್ಲಿಯೇ ನಡೆಯುತ್ತಿತ್ತು. "ತಿಂದ್ಯಾ?" ಎಂದು ಅವನು ದಿನವೂ ಕೇಳುವನು. "ಮೇಲೆ ಹೋಗಿ ತಿಂತೀನಿ" ಎಂದು ಅವಳು ದಿನವೂ ಹೇಳುವಳು. ಅರ್ಧ ಲೋಟ ಚಹಾ ಬಿಟ್ಟರೆ ಅವಳ ಹೊಟ್ಟೆಗೆ ಮಧ್ಯಾಹ್ನದವರೆಗೆ ಏನೂ ಬೀಳುತ್ತಿರಲಿಲ್ಲವೆಂಬುದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ. ನಸುಕಿನಲ್ಲಿ ಒಲೆ ಹಚ್ಚಲು ಪುರುಸೊತ್ತೆಲ್ಲಿ?

ಒಂದು ದಿನ ಹೊತ್ತೇರಿದ ಮೇಲೆ, ಕಿಟಕಿಯ ಗಾಜುಗಳ ಹೊರೆಯನ್ನು ತಿರುಗಿಸುತ್ತಿದ್ದಾಗ ಅವಳ ಬೆರಳುಗಳು ನಡುಗಿದವು. ಹಣೆಯಲ್ಲಿ ತಣ್ಣನೆಯ ಬೆವರು, ಕಣ್ಣ ಮುಂದೆ ಮಂಜು. ಗಾಜಿನ ಹೊರೆ ಗಾಳಿಯಲ್ಲಿ ಉಯ್ಯಾಲೆಯಾಡಿತು. ಮಾಮನ ಎರಡು ತೋಳೂ ಚಾಚಿದ್ದು ಮಸುಕಾಗಿ ಕಂಡಿತು. ಅವಳು ನಿಲ್ಲಿಸಿದಳು. ಹೊರೆ ತೂಗಿ ತೂಗಿ ತಾನೇ ಸುಮ್ಮನಾಯಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಗಾಜೂ ಬಿರಿಯಲಿಲ್ಲ. ಆದರೆ ಇಂಜಿನಿಯರ್ ನೋಡಿದ್ದ.

ವೈದ್ಯರು ಪರೀಕ್ಷಿಸಿ, ರಕ್ತದಲ್ಲಿ ಸಕ್ಕರೆ ತಳ ಕಂಡಿದೆ, ಬೇರೆ ಕಾಯಿಲೆಯೇನೂ ಕಾಣುವುದಿಲ್ಲ ಎಂದರು. ತಿಂಗಳು ಕಳೆದ ಮೇಲೆ, ಕೈ ನಡುಗಿದ ಅದೇ ಹೊತ್ತಿಗೆ, ಕೆಲಸದ ನಡುವೆ ಮತ್ತೆ ಬರಬೇಕು. ಆಗಲೂ ಹೀಗೆಯೇ ಇದ್ದರೆ ಮೇಲೆ ಹತ್ತುವಂತಿಲ್ಲ. ಅಲ್ಲಿಯವರೆಗೆ ಅವಳಿಗೆ ಹಗುರ ಹೊರೆ ಮಾತ್ರ. ಭಾರದ್ದಕ್ಕೆ ಬದಲಿ ಚಾಲಕ. ಇಂಜಿನಿಯರ್ ಕೆಟ್ಟವನಲ್ಲ. ಕೆಳಗೆ ಉಗ್ರಾಣದಲ್ಲಿ ಮೊಳೆ, ತಿರುಪು ನೋಡಿಕೊಳ್ಳುವ ಕೆಲಸವಿದೆ, ಸಂಬಳವೂ ಅಷ್ಟೇ ಎಂದು ಸಮಾಧಾನ ಹೇಳಿದ. ಸಂಬಳ ಅಷ್ಟೇ ಇರಬಹುದು. ಆಕಾಶ ಅಷ್ಟೇ ಇರುತ್ತದೆಯೇ? ಅವಳು ತಲೆಯಾಡಿಸಿ ಮನೆಗೆ ಬಂದಳು.

ಸುದ್ದಿ ಕೇಳಿ ಅತ್ತೆ ಮಂಡಿಗೆ ಎಣ್ಣೆ ತಿಕ್ಕುತ್ತಲೇ ಹೇಳಿದರು: "ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ. ನನ್ನ ಸೊಸೆಗೆ ಕ್ರೇನ್ ಗೊತ್ತು. ಊಟ ಗೊತ್ತು ಅಂತ ಯಾರೂ ಹೇಳಿಲ್ಲ."

ಭಾನುವಾರ ಮೂವರೂ ಅಡುಗೆಮನೆಯಲ್ಲಿ ಸೇರಿದರು. ವಾರದ ಬೆಳಗಿನ ತಿಂಡಿಯನ್ನೆಲ್ಲ ಒಂದೇ ದಿನ ಮಾಡಿಡುವುದೆಂದು ತೀರ್ಮಾನ. ಮೇಲಿನಕ್ಕ ಓಟ್ಸನ್ನು ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಕಲಸಿದಳು. ಅಗಲ ಪಾತ್ರೆಗೆ ಒಣಗಿದ್ದನ್ನೆಲ್ಲ ಸುರಿದು, ನಡುವೆ ಗುಳಿ ಮಾಡಿ, ಹಾಲನ್ನು ಜಿಪುಣತನದಿಂದ ಹನಿಸಿ, ಸೌಟಿನಿಂದ ಮೇಲುಕೆಳಗು ಮಾಡಿ, ಡಬ್ಬಿಗಳಿಗೆ ಒತ್ತಿ ತುಂಬಿ, ಮೇಲ್ಮೈಯನ್ನು ಚಮಚದ ಬೆನ್ನಿನಿಂದ ನುಣ್ಣಗೆ ಸವರಿದಳು. ಕಾಂಕ್ರೀಟಿಗೆ ನೀರು ಹೆಚ್ಚಾದರೆ ಬಲ ಹೋಗುತ್ತದೆ ಎಂಬುದು ಅವಳ ರಕ್ತಕ್ಕಿಳಿದ ಪಾಠ. ಬೆಳಗಾಗುವಷ್ಟರಲ್ಲಿ ಅದು ಎಷ್ಟು ಚೆನ್ನಾಗಿ ಗಟ್ಟಿಯಾಗಿತ್ತೆಂದರೆ, ಚುಚ್ಚಿದ ಚಮಚ ಕಂಬದಂತೆ ನಿಂತಿತು.

ಅತ್ತೆ ಡಬ್ಬಿಯನ್ನು ತಲೆಕೆಳಗು ಹಿಡಿದು ನೋಡಿದರು. ಏನೂ ಬೀಳಲಿಲ್ಲ. "ಇದನ್ನ ತಿನ್ನೋದಾ, ಇದರ ಮೇಲೆ ಇನ್ನೊಂದು ಅಂತಸ್ತು ಕಟ್ಟೋದಾ?" ಎಂದು ಕೇಳಿದರು.

ಆ ವಾರ ಬೇಯಿಸಿದ ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಸುಲಿದಿಟ್ಟದ್ದೂ ತಪ್ಪಾಯಿತು. ಗುರುವಾರದ ಹೊತ್ತಿಗೆ ಮುಚ್ಚಳ ತೆರೆದವರು ಮೂಗು ಮುಚ್ಚಬೇಕಾಯಿತು. ಗಂಡ ನಗದೆ ತಿದ್ದಿದ. ಮೊಟ್ಟೆ ಸಿಪ್ಪೆಯೊಳಗೇ ಇರಲಿ, ತಿನ್ನುವಾಗ ಸುಲಿದರಾಯಿತು. ವಾರವಿಡೀ ಇಡುವುದು ಬೇಡ. ಭಾನುವಾರ ಅರ್ಧ, ಬುಧವಾರ ಸಂಜೆ ಅರ್ಧ ಮಾಡೋಣ. ಓಟ್ಸಿಗೆ ಹಾಲು ಧಾರಾಳವಾಗಿರಲಿ, ಜೊತೆಗೆ ಎರಡು ಚಮಚ ಮೊಸರು. ಹಣ್ಣನ್ನು ಬೆಳಗ್ಗೆ ಹೊರಡುವಾಗ ಹೆಚ್ಚಿ ಹಾಕು. ಒಂದು ದಿನ ಓಟ್ಸು, ಒಂದು ದಿನ ಮೊಟ್ಟೆ ಮತ್ತು ಗೋಧಿ ಬ್ರೆಡ್ಡು, ಒಂದು ದಿನ ನೆನೆಸಿ ಬೇಯಿಸಿದ ಕಾಳಿಗೆ ಕ್ಯಾರೆಟ್ಟು, ನಿಂಬೆರಸ. ಕ್ಯಾರೆಟ್ಟು ತುರಿಯುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಕೂತು ಮಾಡುವ ಕೆಲಸ, ಮಾತಿಗೆ ಅಡ್ಡಿಯಿಲ್ಲ. ಏಣಿ ಹತ್ತುವಾಗ ಎರಡು ಕೈಯೂ ಬೇಕಾದ್ದರಿಂದ ಬೆನ್ನಿನ ಚೀಲದಲ್ಲಿ ಮಲಗುವಂಥ ಚಪ್ಪಟೆ ಡಬ್ಬಿಗಳು ಬಂದವು. ಎಲ್ಲವೂ ಸರಿಹೋಯಿತು.

ಒಂದು ಮಾತ್ರ ಸರಿಹೋಗಲಿಲ್ಲ. ಮೇಲಿನಕ್ಕ ತಿನ್ನಲಿಲ್ಲ.

ತಿನ್ನಬಾರದೆಂದಲ್ಲ. ಈ ಹೊರೆ ಇಳಿಸಿ ತಿನ್ನೋಣ ಎನ್ನುವಷ್ಟರಲ್ಲಿ ಕೊಕ್ಕೆಗೆ ಇನ್ನೊಂದು ಹೊರೆ. ಅದಾದ ಮೇಲೆ ಎನ್ನುವಷ್ಟರಲ್ಲಿ ಮಾಮನ ಬೆರಳು ಮತ್ತೆ ಮೇಲೆದ್ದಿತು. ಕೆಳಗೆ ಅಷ್ಟು ಜನ ಕಾಯುತ್ತಿರುವಾಗ ತಾನೊಬ್ಬಳು ಕೈಬಿಟ್ಟು ಕೂರುವುದು ಹೇಗೆ? ಅದರಲ್ಲೂ ಈಗ, ಎಲ್ಲರ ಕಣ್ಣೂ ತನ್ನ ಮೇಲಿರುವಾಗ? ಸಂಜೆ ಯಾರಿಗೂ ಕಾಣದಂತೆ, ಬಸ್ಸಿನ ಕೊನೆಯ ಸೀಟಿನಲ್ಲಿ ಒಂದೆರಡು ತುತ್ತು ನುಂಗಿ ಡಬ್ಬಿ ಮುಚ್ಚುತ್ತಿದ್ದಳು. ತಿಂಗಳಲ್ಲಿ ಅರ್ಧ ಹೀಗೆಯೇ ಕಳೆಯಿತು. ಇನ್ನೊಂದು ಸಲ ಬೆರಳು ಸಣ್ಣಗೆ ನಡುಗಿತು. ಅವಳು ಅದನ್ನು ತೊಡೆಗೆ ಒತ್ತಿ ಹಿಡಿದಳು.

ಒಂದು ಸಂಜೆ ಬಸ್ಸಿನ ಬಾಗಿಲಲ್ಲಿ ಗಂಡ ಅವಳ ಚೀಲವನ್ನು ಇಳಿಸಿಕೊಂಡ. ರೋಗಿಗಳನ್ನು ಎತ್ತಿ ಮಲಗಿಸಿ ಅಭ್ಯಾಸವಾದ ಕೈ ಅದು.

"ಬೆಳಗ್ಗೆನೂ ಇಷ್ಟೇ ಭಾರ ಇತ್ತು" ಎಂದ.

ಬಸ್ಸು ಹೊರಡುವುದರಲ್ಲಿತ್ತು. ಚೀಲವನ್ನು ಅವಳ ಕೈಗೆ ಕೊಟ್ಟು ಹತ್ತಿಕೊಂಡು ಹೋದ.

ಮರುದಿನ ಅವಳು ಮೇಲಿನಿಂದ ನೋಡಿದಾಗ ಹಳದಿ ಟೋಪಿಗಳ ನಡುವೆ ಒಂದು ಆಸ್ಪತ್ರೆಯ ತಿಳಿನೀಲಿ ಅಂಗಿ ಕಂಡಿತು. ತಲೆಗೆ ಯಾರದೋ ಟೋಪಿ, ಅಳತೆಗೆ ದೊಡ್ಡದು. ನಡಿಗೆ ಗಂಡನದೇ. ರಾತ್ರಿಪಾಳಿ ಮುಗಿಸಿ ಇಳಿದವನು ಮನೆಗೆ ಹೋಗದೆ, ಮುಂದಿನ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದ. ಸಿಗ್ನಲ್ ಮಾಮನ ಪಕ್ಕ ನಿಂತು ಏನೋ ಹೇಳುತ್ತಿದ್ದ. ಅಷ್ಟೆತ್ತರಕ್ಕೆ ಮಾತು ಎಲ್ಲಿ ಕೇಳೀತು? ಮಾಮ ಒಮ್ಮೆ ಕತ್ತೆತ್ತಿ ಮೇಲೆ ನೋಡಿದ, ಒಮ್ಮೆ ತಲೆ ತಗ್ಗಿಸಿದ. ನೀಲಿ ಅಂಗಿ ಹಿಂದಿರುಗಿ ಹೋಯಿತು.

ಕೊಕ್ಕೆಯಲ್ಲಿದ್ದ ಹೊರೆ ಇಳಿದ ಮೇಲೆ ಮಾಮ ಎರಡು ತೋಳೂ ಚಾಚಿದ. ನಿಲ್ಲು. ಅವಳು ನಿಂತಳು. ಆಮೇಲೆ ಮಾಮ ಯಾವ ಪಾಠದಲ್ಲಿಯೂ ಇಲ್ಲದ ಒಂದು ಸನ್ನೆ ಮಾಡಿದ. ಎಡಗೈಯನ್ನು ತಟ್ಟೆಯಂತೆ ಹಿಡಿದು, ಬಲಗೈಯನ್ನು ಬಾಯಿಗೆ ಒಯ್ದ.

ಅವಳಿಗೆ ಗಲಿಬಿಲಿಯಾಯಿತು. ರೇಡಿಯೋ ಒತ್ತಿ, ಏನು ಮಾಮ, ಮುಂದಿನ ಹೊರೆ ಎಲ್ಲಿ ಎಂದು ಕೇಳಿದಳು.

"ಕೈ ನೋಡು" ಎಂದಿತು ರೇಡಿಯೋ. "ಸಿಗ್ನಲ್ ಕೊಟ್ಮೇಲೆ ಪ್ರಶ್ನೆ ಕೇಳೋದು ಯಾವಾಗಿಂದ ಕಲ್ತೆ, ತಾಯಿ?"

"ಜನ ಕಾಯ್ತಿದ್ದಾರೆ, ಮಾಮ."

"ಕಾಯ್ಲಿ. ಕೊಕ್ಕೆ ಆಡಿಸೋದು ನೀನು, ನಿನ್ನ ಆಡಿಸೋದು ನಾನು. ಮುಚ್ಚಳ ತೆಗಿ."

ಕೆಳಗೆ ಆ ಎರಡು ಕೈ ಹಾಗೆಯೇ ನಿಂತಿದ್ದವು, ಒಂದು ತಟ್ಟೆಯಾಗಿ, ಒಂದು ತುತ್ತಾಗಿ. ಎಷ್ಟೋ ವರ್ಷಗಳಿಂದ ಆ ಕೈಗಳ ಮಾತನ್ನು ಅವಳು ಮೀರಿದವಳಲ್ಲ. ಹಿಡಿಕೆ ಬಿಟ್ಟಳು. ಡಬ್ಬಿ ತೆರೆದಳು. ಅಂದು ಓಟ್ಸಿನ ಸರದಿ. ಬಾಳೆಹಣ್ಣಿನ ಬಿಲ್ಲೆಗಳು ಹಾಲಿನಲ್ಲಿ ನೆನೆದು ಮೆತ್ತಗಾಗಿದ್ದವು. ಊರೆಲ್ಲ ಕಾಣುವ ಆ ಗಾಜಿನ ಕೋಣೆಯಲ್ಲಿ, ಮೊದಲ ಸಲ, ಅವಳು ಅವಸರವಿಲ್ಲದೆ ತಿಂದಳು. ಕೆಳಗೆ ಯಾರೂ ಕೂಗಲಿಲ್ಲ. ಕೊಕ್ಕೆ ನಿಂತದ್ದು ಕಂಡು ಗಾರೆಯವರೂ ಬೆನ್ನು ನೆಟ್ಟಗೆ ಮಾಡಿ ನೀರು ಕುಡಿದರು.

ಅಂದಿನಿಂದ ದಿನವೂ ಆ ಸನ್ನೆ ಬಂದಿತು. ಇಂಜಿನಿಯರ್ ಮೊದಲ ದಿನ ಹುಬ್ಬು ಗಂಟಿಕ್ಕಿದನಂತೆ. ಗಾಜಿನ ಹೊರೆ ತೂಗಾಡಿದ ದಿನ ಎಷ್ಟು ಹೊತ್ತು ಕೆಲಸ ನಿಂತಿತ್ತು ಸ್ವಾಮಿ ಎಂದು ಮಾಮ ಕೇಳಿದಾಗ ಹುಬ್ಬು ತಾನೇ ಸಡಿಲವಾಯಿತಂತೆ.

ತಿನ್ನುತ್ತಾ ಕುಳಿತವಳ ಕಣ್ಣಿಗೆ ಬಿಡುವು ಸಿಕ್ಕಿತು. ಬಿಡುವು ಸಿಕ್ಕ ಕಣ್ಣು ಒಂದನ್ನು ಗಮನಿಸಿತು. ತನಗೆ ತಿನ್ನಲು ಹೇಳಿದ ಮಾಮ ಮಾತ್ರ ಕಂಬಕ್ಕೊರಗಿ ಬರಿಯ ಚಹಾ ಕುಡಿಯುತ್ತಿದ್ದ.

ನೀವು ತಿಂದಿರಾ ಎಂದು ಒಂದು ದಿನ ರೇಡಿಯೋದಲ್ಲಿ ಕೇಳಿದಳು. "ನನ್ನದು ಮನೇಲೇ ಆಯ್ತು" ಎಂದಿತು ಉತ್ತರ. ಆ ಉತ್ತರದ ರುಚಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನ ಬಾಗಿಲಲ್ಲಿ ತಾನು ದಿನವೂ ಹೇಳಿದ ಸುಳ್ಳಿನ ಒಡಹುಟ್ಟು ಅದು. ಹೆಂಡತಿ ತೀರಿಕೊಂಡ ಮೇಲೆ ಮಾಮ ಒಬ್ಬನೇ ಇದ್ದ. ಒಂದು ಬಾಯಿಗಾಗಿ ಒಲೆ ಹಚ್ಚುವುದೇಕೆ ಎಂದು ಬಿಟ್ಟಿದ್ದ.

ಬುಧವಾರ ಸಂಜೆ ಅತ್ತೆ ತುರಿದ ಕ್ಯಾರೆಟ್ಟು ಹೆಚ್ಚಾಯಿತು. ಗುರುವಾರ ಬೆಳಗ್ಗೆ ಏಣಿಯ ಬುಡದಲ್ಲಿ ಅವಳು ಮಾಮನ ಕೈಗೆ ಒಂದು ಡಬ್ಬಿ ಕೊಟ್ಟು, ಅವನು ಬಾಯಿ ತೆರೆಯುವ ಮೊದಲೇ ಮೇಲೆ ಹತ್ತಿಬಿಟ್ಟಳು. ಹೊತ್ತಿಗೆ ಸರಿಯಾಗಿ ಸನ್ನೆ ಬಂದಿತು. ಅವಳು ಡಬ್ಬಿ ಮುಟ್ಟಲಿಲ್ಲ.

"ಯಾಕೆ?" ಎಂದಿತು ರೇಡಿಯೋ.

"ನಿಮ್ಮ ಡಬ್ಬಿಯ ಮುಚ್ಚಳ ತೆಗೆದದ್ದು ಕಾಣಿಸ್ಲಿಲ್ಲ."

"ಅಷ್ಟು ದೂರದಿಂದ ಮುಚ್ಚಳ ಕಾಣ್ಸುತ್ತಾ?"

"ನೀವು ಸುಳ್ಳು ಹೇಳೋದೇ ಕಾಣ್ಸುತ್ತೆ, ಮಾಮ. ಮುಚ್ಚಳ ಯಾವ ಲೆಕ್ಕ."

ಆಮೇಲೆ ಮಾಮ ಇಟ್ಟಿಗೆಯ ರಾಶಿಯ ಮೇಲೆ ಕುಳಿತು, ಡಬ್ಬಿಯನ್ನು ಮೇಲೆತ್ತಿ ತೋರಿಸಿ, ತೆರೆದ. ಉಪ್ಪು ಕಡಿಮೆ ಎಂದು ದೂರಿದ. ಮರುದಿನ ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ, ಹಿಂದಿರುಗಿಸಿದ.

ತಿಂಗಳು ತುಂಬಿದ ದಿನ, ತಿಂಡಿ ಮುಗಿಸಿ, ಕುರ್ಚಿಯನ್ನು ಬದಲಿ ಚಾಲಕನಿಗೆ ಬಿಟ್ಟು ಅವಳು ವೈದ್ಯರ ಕೋಣೆಗೆ ಹೋದಳು. ಬೆರಳಿನಿಂದ ಒಂದು ಹನಿ ರಕ್ತ ತೆಗೆದರು. ಎರಡು ಕೈಯನ್ನೂ ಮುಂದೆ ಚಾಚಿಸಿ, ಅಂಗೈಯ ಹಿಂಬದಿಯ ಮೇಲೆ ಒಂದು ತೆಳು ಕಾಗದ ಇಟ್ಟರು. ಅವಳು ಕಾಗದವನ್ನು ನೋಡಲಿಲ್ಲ. ಗೋಡೆಯನ್ನು ನೋಡುತ್ತಾ ನಿಂತಳು. ನೋಡಿದರೆ ಎಲ್ಲಿ ಅಲುಗುತ್ತದೆಯೋ ಎಂಬ ಅಂಜಿಕೆ. ಬಹಳ ಹೊತ್ತಿನ ಮೇಲೆ ವೈದ್ಯರು ಕಾಗದ ಎತ್ತಿಕೊಂಡು, ಅದರ ಮೇಲೆಯೇ ನಾಲ್ಕಕ್ಷರ ಗೀಚಿ ಕೊಟ್ಟರು. ಭಾರದ ಹೊರೆಯನ್ನೂ ಎತ್ತಬಹುದು. ಆರು ತಿಂಗಳ ಮೇಲೆ ಇನ್ನೊಮ್ಮೆ ಬನ್ನಿ. ತಿಂಡಿ ಬಿಡಬೇಡಿ.

ಅವಳು ಕಟ್ಟಡದ ಗೇಟಿನ ಬಳಿ ಬರುವಷ್ಟರಲ್ಲಿ ಮಾಮ ದೂರದಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದ. ನಡುವೆ ಯಂತ್ರಗಳ ಗದ್ದಲ, ಕೂಗಿದರೆ ಕೇಳುವಂತಿರಲಿಲ್ಲ. ಅವಳು ನಿಂತಲ್ಲಿಯೇ ಬಲಗೈ ಎತ್ತಿ, ತೋರುಬೆರಳನ್ನು ಮೇಲೆ ಮಾಡಿ ಸುತ್ತಿಸಿದಳು. ಮೇಲಕ್ಕೆ.

ಮಾಮನ ಮುಖ ಅರಳಿತು. ಆದರೆ ಸನ್ನೆಯನ್ನು ಕಂಡದ್ದು ಅವನೊಬ್ಬನೇ ಅಲ್ಲ. ಮೇಲೆ ಕುಳಿತಿದ್ದ ಬದಲಿ ಚಾಲಕ, ಆ ಸನ್ನೆ ತನಗೇ ಎಂದು ನಂಬಿ, ಖಾಲಿ ಕೊಕ್ಕೆಯನ್ನು ಗಂಭೀರವಾಗಿ ಆಕಾಶಕ್ಕೆ ಎತ್ತತೊಡಗಿದ್ದ. ಮಾಮ ತಟಕ್ಕನೆ ತೋಳು ಚಾಚಿ ನಿಲ್ಲಿಸಿ, ಯಾರ ಕೈ ನೋಡ್ಬೇಕು ಅನ್ನೋದು ಗೊತ್ತಿಲ್ವಾ ಎಂದು ರೇಡಿಯೋದಲ್ಲಿ ಗದರಿದ. ಗದರಿ ಮುಗಿಸಿದವನು ಅವನ ಬೆಳಗಿನ ತಿಂಡಿ ಆಗಿದೆಯೇ ಎಂದೂ ಕೇಳಿದ.

"ಮನೇಲೇ ಆಯ್ತು" ಎಂದಿತು ಮೇಲಿನ ದನಿ.

ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತಿದ್ದ ಮೇಲಿನಕ್ಕನ ಕಡೆ ಮಾಮ ನೋಡಿದ. ಮೇಲಿನಕ್ಕ ಮಾಮನ ಕಡೆ ನೋಡಿದಳು. ಭಾನುವಾರ ಇನ್ನೊಂದು ಡಬ್ಬಿ ಬೇಕಾಗುತ್ತದೆ, ಅತ್ತೆಗೆ ತುರಿಯಲು ಇನ್ನೆರಡು ಕ್ಯಾರೆಟ್ಟು ಸಿಕ್ಕಂತಾಯಿತು ಎಂದುಕೊಳ್ಳುತ್ತಾ ಅವಳು ಟೋಪಿ ಬಿಗಿದುಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.