ಅರ್ಜಿ ಪಂಪಣ್ಣನ ‘ಅಸ್ಟ್ಯೂಟ್ಲಿ’

ಎಂಬತ್ತರ ದಶಕದಲ್ಲಿ ಲಿಂಗಸುಗೂರಿನ ತಾಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ನಾವು ನಾಲ್ವರು ಅರ್ಜಿ ಬರೆಯುತ್ತಿದ್ದೆವು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಇಂಗ್ಲಿಷಿನವನು ಪಂಪಣ್ಣ ಒಬ್ಬನೇ. ಇಂಗ್ಲಿಷ್ ಅರ್ಜಿ ಕಂಡರೆ ಸಾಹೇಬರು ಎದ್ದು ಕೂಡುತ್ತಾರೆಂದು ಸುತ್ತಲಿನ ಹಳ್ಳಿಗಳನ್ನು ನಂಬಿಸಿದವನೂ ಅವನೇ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎನ್ನುವವರು ಎನ್ನಲಿ.

ಅವನ ಡಿಕ್ಷನರಿಯನ್ನು ಇಲಿ ತಿಂದು ‘ಎ’ ಅಕ್ಷರದ ಪುಟಗಳಷ್ಟೇ ಉಳಿದಿದ್ದವು. ಅದರಲ್ಲೂ ‘ಅಸ್ಟ್ಯೂಟ್ಲಿ’ ಎಂಬ ಪದದ ಮೇಲೆ ಅವನಿಗೆ ಜೀವ. ರೇಷನ್ ಕಾರ್ಡಿರಲಿ, ಕಳೆದುಹೋದ ಎಮ್ಮೆಯಿರಲಿ, ಅರ್ಜಿಯಲ್ಲಿ ಅದು ಇರಲೇಬೇಕು.

ಒಂದು ಮಳೆಗಾಲ ಸಂತೆಕಲ್ಲೂರಿನ ಹೊನ್ನೂರಮ್ಮನ ಮನೆಯ ಗೋಡೆ ಕುಸಿಯಿತು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ಸರ್ಕಾರದ ಜನತಾ ಮನೆ ಸಿಕ್ಕರಷ್ಟೇ ತಲೆಯ ಮೇಲೆ ಸೂರು. ಪಂಪಣ್ಣ ಅವಳಿಗೆ ಒಂದೂವರೆ ಪುಟ ಬರೆದುಕೊಟ್ಟ. ಗಂಡ ಸತ್ತ ಮೇಲೂ ಈಕೆ ‘ಅಸ್ಟ್ಯೂಟ್ಲಿ’ ಸಂಸಾರ ಮಾಡುತ್ತಿದ್ದಾಳೆ ಎಂದು ಮೂರು ಕಡೆ ಹೊಗಳಿದ್ದ.

ಅರ್ಜಿ ಓದುತ್ತಿದ್ದ ತಹಶೀಲ್ದಾರ್ ಸಾಹೇಬರು ಆ ಪದದ ಹತ್ತಿರ ತಡೆದು ಪಂಪಣ್ಣನನ್ನು ಒಳಗೆ ಕರೆಸಿದರು. ನಾನೂ ಹೊನ್ನೂರಮ್ಮನ ಜೊತೆ ಬಾಗಿಲಲ್ಲಿ ನಿಂತೆ.

“ಏನ್ರೀ ಇದು?”

ತಲೆಯಿದ್ದವನಾದರೆ ‘ಕಷ್ಟದಾಗ ಅದಾಳ್ರೀ’ ಎಂದು ಕೈ ಮುಗಿಯುತ್ತಿದ್ದ. ಪಂಪಣ್ಣ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಭಾಳ ಚಾಲಾಕಿಯಿಂದ ಅಂತ ಅರ್ಥರೀ. ಲ್ಯಾಟಿನ್ ಭಾಷಾದ ‘ಆಸ್ಟಸ್’ನಿಂದ ಹುಟ್ಟೈತ್ರಿ. ಆಸ್ಟಸ್ ಅಂದ್ರ ಯುಕ್ತಿ, ಕಪಟ...”

“ಇಷ್ಟು ಕಪಟ ಕಲಿತಾಕಿಗೆ ಸರ್ಕಾರದ ಮನಿ ಯಾಕ್ರೀ?” ಎಂದು ಸಾಹೇಬರು ಕಾಗದವನ್ನು ಪಕ್ಕಕ್ಕಿಟ್ಟು ಗಂಟೆ ಒತ್ತಿದರು.

ಹೊರಗೆ ಬಂದ ಮೇಲೆ ಹೊನ್ನೂರಮ್ಮ ಒಂದೇ ಮಾತು ಕೇಳಿದಳು. “ಅಣ್ಣಾ, ಗ್ವಾಡಿ ಬಿದ್ದದ್ದು ಬರದೀಯಿಲ್ಲೋ?”

“ಅದೇನು ಬರಿಯೋ ಮಾತಬೇ? ಮಳಿ ಬಂದ್ರ ಎಲ್ಲಾರ ಗ್ವಾಡಿನೂ ಬೀಳ್ತಾವ.”

ನನಗೆ ಮೈಯೆಲ್ಲ ಉರಿಯಿತು. ಮನೆ ಸಿಕ್ಕವರ ಪಟ್ಟಿಯಲ್ಲಿ ಹೊನ್ನೂರಮ್ಮನ ಹೆಸರು ಬರಲಿಲ್ಲ. ಆ ವರ್ಷ ತಾಯಿ ಮಕ್ಕಳು ಅವಳ ತಮ್ಮನ ದನದ ಕೊಟ್ಟಿಗೆಯಲ್ಲಿ ಮಲಗಿದರು. ಪಂಪಣ್ಣ ಮಾತ್ರ, ಸಾಹೇಬರೇ ತನ್ನನ್ನು ಕರೆಸಿ ಇಂಗ್ಲಿಷ್ ಕಲಿತರೆಂದು ಮಸ್ಕಿ, ಸಿಂಧನೂರಿನವರೆಗೂ ಹೇಳಿಕೊಂಡು ಬಂದ.

ಮರುವರ್ಷ ಅರ್ಜಿ ಕರೆದಾಗ ಹೊನ್ನೂರಮ್ಮ ಬಸ್ಸಿಳಿದು ಮರದ ಕಡೆಗೆ ಬಂದಳು. ನಾನು ಚಾಪೆ ಝಾಡಿಸಿ ಜಾಗ ಮಾಡಿದೆ. ಅವಳು ನನ್ನನ್ನು ದಾಟಿಹೋಗಿ ಪಂಪಣ್ಣನ ಮುಂದೆ ಕೂತಳು.

“ಅಣ್ಣಾ, ಈ ಸಲ ಗ್ವಾಡಿನೂ ಇಂಗ್ಲಿಷಿನ್ಯಾಗ ಬರಿ.”